ರೈಟ್ ಅಂದರೆ ಎತ್ತ ಕಡೆ?

ಇಲ್ಲ, ನಾನು ಲಾರಿಯ ಹಿಂದುಗಡೆ ನಿಂತಿದ್ದೆ ಎಂಬ ನೆನಪೇ ತಪ್ಪಿರಬಹುದು. ಇಸ್ತ್ರಿ ಮಾಡಿದ ಸೀರೆ ಉಟ್ಟ ಶಾಲಾ ಟೀಚರೊಬ್ಬಳು ಜಲ್ಲಿ ಸಾಗಿಸುವ ಲಾರಿಯನ್ನು ಹೇಗೆ ಹತ್ತಿದಳು, ಯಾರು ಕೈ ಕೊಟ್ಟು ಎಳೆದುಕೊಂಡರು, ಆಮೇಲೆ ಇಳಿದದ್ದು ಹೇಗೆ, ಒಂದೂ ನೆನಪಿಲ್ಲ. ಆದರೆ ಪಕ್ಕದ ಹಲಗೆ ಹಿಡಿದುಕೊಂಡಾಗ ಅಂಗೈಗೆ ಮೆತ್ತಿಕೊಂಡ ಕಲ್ಲುಪುಡಿಯ ತರಿ ಮಾತ್ರ ಈಗಲೂ ಇದ್ದ ಹಾಗಿದೆ. ಹತ್ತಿದ್ದು ಮರೆತು ತರಿ ಉಳಿಸಿಕೊಳ್ಳುವ ನೆನಪನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ ಇದನ್ನು ಬರೆಯುತ್ತಿದ್ದೇನೆ.

ವರ್ಷವನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಎಪ್ಪತ್ತೊಂಬತ್ತು. ಜಯನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ, ಸುದ್ದಗುಂಟೆಪಾಳ್ಯದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದು ನಾನೂ ನನ್ನ ಅಮ್ಮನೂ ಬಂದು ಕೂತ ವರ್ಷ ಅದು. ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಚಿಕ್ಕಣ್ಣ, ಜಯಮ್ಮ ದಂಪತಿಗಳಿದ್ದರು. ಚಿಕ್ಕಣ್ಣ ಲಾರಿ ಡ್ರೈವರು. ಸುಬ್ರಹ್ಮಣ್ಯಪುರದ ಆಚೆಯ ಕಲ್ಲು ಕ್ವಾರಿಯಿಂದ ಜಲ್ಲಿ, ಸೈಜುಗಲ್ಲು ತುಂಬಿಕೊಂಡು ಬಂದು, ಜೆ.ಪಿ. ನಗರ, ಬನಶಂಕರಿ ಕಡೆ ಆಗ ಏಳುತ್ತಿದ್ದ ಮನೆಗಳ ಮುಂದೆ ಸುರಿಯುವುದು ಅವರ ಕೆಲಸ.

ಅವರಿಗೆ ಕಿವಿ ಮಂದ ಎಂಬುದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ಮೊದಲಿಗೆ ಸಿಡುಕಿನ ಮನುಷ್ಯ ಇರಬೇಕು, ಕರೆದರೆ ತಿರುಗುವುದಿಲ್ಲ ಎಂದುಕೊಂಡಿದ್ದೆ. ಕ್ವಾರಿಯಲ್ಲಿ ಒಮ್ಮೆ ಸಿಡಿಮದ್ದು ಹೊತ್ತಿಗೆ ಮುಂಚೆಯೇ ಸಿಡಿದು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಎಷ್ಟು ಎಂಬುದು ಯಾರಿಗೂ ತಿಳಿಯದು. ಜಯಮ್ಮ ಅವರನ್ನು ಕರೆಯಬೇಕಾದರೆ ಬಾಯಿಯಿಂದ ಕರೆಯುತ್ತಿರಲಿಲ್ಲ. ಲಾರಿಯ ಕ್ಲೀನರು ಬಾಡಿ ತಟ್ಟುತ್ತಾನಲ್ಲ, ಹಾಗೆ ಕಾಲಿನಿಂದ ನೆಲ ತಟ್ಟುತ್ತಿದ್ದರು. ಒಂದು ತಟ್ಟು ತಟ್ಟಿದರೆ ನಿಲ್ಲಿ, ಎರಡು ತಟ್ಟಿದರೆ ಹೊರಡಿ. ಊಟಕ್ಕೆ ಕೂತವರು ಮೂರನೆಯ ಮುದ್ದೆಗೆ ಕೈ ಹಾಕಿದರೆ ಒಂದು ತಟ್ಟು ಬೀಳುತ್ತಿತ್ತು.

"ಇವ್ರಿಗೆ ಕಿವಿ ಕೇಳ್ಸಲ್ಲ ಅಂತ ಯಾರು ಹೇಳಿದ್ದು ಟೀಚರಮ್ಮ? ನಾನು ಬೈಯೋದು ಕೇಳ್ಸಲ್ಲ, ಅಷ್ಟೆ" ಎಂದು ಜಯಮ್ಮ ನಗುತ್ತಿದ್ದರು.

ಆ ವರ್ಷ ಚಿಕ್ಕಣ್ಣನವರ ಲೈಸೆನ್ಸು ನವೀಕರಿಸುವ ಕಾಲ ಬಂತು. ಮಾಮೂಲಿಯಾಗಿದ್ದರೆ ನಡೆದುಹೋಗುತ್ತಿತ್ತೋ ಏನೋ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಜಯನಗರದಲ್ಲಿ ಕಾರಿನವರೊಬ್ಬರು ಇವರ ಲಾರಿಯ ಹಿಂದೆ ಹಾರನ್ ಹೊಡೆದು ಹೊಡೆದು ಸುಸ್ತಾಗಿ, ಸೀದಾ ಸಾರಿಗೆ ಕಚೇರಿಗೆ ಹೋಗಿ, ಇಂಥ ನಂಬರಿನ ಲಾರಿಯ ಡ್ರೈವರು ಕಿವುಡ ಎಂದು ಹೇಳಿಬಂದಿದ್ದರು. ಲಾರಿಯ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಹಾರನ್ ಪ್ಲೀಸ್' ಎಂದು ಬರೆದಿದ್ದದ್ದನ್ನೇ ನಂಬಿಕೊಂಡು ಹೊಡೆದಿದ್ದರು ಪಾಪ. ಡಾಕ್ಟರ ಸರ್ಟಿಫಿಕೇಟು ತರಬೇಕು, ರಸ್ತೆಯಲ್ಲಿ ಓಡಿಸಿಯೂ ತೋರಿಸಬೇಕು ಎಂದು ಕಚೇರಿಯವರು ಹೇಳಿ ಕಳಿಸಿದರು. ಲೈಸೆನ್ಸು ಹೋದರೆ ಕ್ವಾರಿಯ ಮಾಲೀಕರು ಕೆಲಸ ಬಿಡಿಸುವುದೇನೂ ಇಲ್ಲ, ಜಲ್ಲಿ ತುಂಬುವ ಕಡೆಗೆ ಹಾಕುತ್ತೇನೆ ಎಂದಿದ್ದರು.

ಚಿಕ್ಕಣ್ಣ ನಮ್ಮ ಬಾಗಿಲಿಗೆ ಬಂದು ನಿಂತರು. ಅವರು ಮಾತಾಡುವಾಗ ದನಿ ಒಂದೋ ತೀರಾ ಜೋರು, ಇಲ್ಲವೇ ತೀರಾ ಮೆಲ್ಲಗೆ. ಅವತ್ತು ಮೆಲ್ಲಗಿತ್ತು.

"ಟೀಚರಮ್ಮ, ಒಸಿ ಡಾಕ್ಟ್ರ ತಾವ ಬರ್ತೀರಾ? ಅವರು ಇಂಗ್ಲೀಷಲ್ಲಿ ಏನಾದ್ರೂ ಅಂದ್ರೆ ನಮ್ಗೆ ತಿಳಿಯಕಿಲ್ಲ."

"ಬರ್ತೀನಿ, ಅದಕ್ಕೇನಂತೆ" ಎಂದೆ.

"ಆ?"

"ಬರ್ತೀನೀ!" ಎಂದು ಕೂಗಿದೆ. ಒಳಗಿನಿಂದ ಅಮ್ಮ ಗಾಬರಿಯಾಗಿ ಓಡಿಬಂದರು.

ಜಯಮ್ಮನೂ ಸೇರಿ ನಾವು ಮೂವರು ಹೋದ ಜಯನಗರದ ಡಾಕ್ಟರು ವಯಸ್ಸಾದವರು, ಸುಳ್ಳು ಬರೆಯುವುದಿಲ್ಲ ಎಂದು ಹೆಸರಾದವರು. ನಮಗೆ ಅದೇ ಭಯ. ಚಿಕ್ಕಣ್ಣನನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಒಂದೊಂದೇ ಮಾತು ಹೇಳುತ್ತಾ ಹೋದರು. ಕೇಳಿದ್ದಕ್ಕೆ ಇವರು ಉತ್ತರ ಹೇಳಬೇಕು.

"ಊಟ ಆಯ್ತಾ?" ಎಂದರು ಡಾಕ್ಟರು, ಸಾಮಾನ್ಯ ದನಿಯಲ್ಲಿ.

ಊರು ಯಾವುದೆಂದು ಕೇಳಿಸಿತೋ ಏನೋ, ಚಿಕ್ಕಣ್ಣ ಸ್ವಲ್ಪ ಯೋಚಿಸಿ, "ಉತ್ತರಳ್ಳಿ ಸಾರ್" ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗು ಅರ್ಧಕ್ಕೇ ನಿಂತು ಮುಖ ಸಣ್ಣಗಾಯಿತು. ಡಾಕ್ಟರು ದನಿ ಏರಿಸಿ ಮತ್ತೆ ಕೇಳಿದರು. ಈ ಸಲ, "ಊಟ ಆಯ್ತು ಸಾರ್, ಮುದ್ದೆ ಸೊಪ್ಸಾರು" ಎಂದು ಉತ್ತರ ಬಂತು. ಆಮೇಲೆ ಹೊರಗೆ ನಿಂತಿದ್ದ ಆಟೋದವನಿಗೆ ಹೇಳಿ ಅದರ ರಬ್ಬರ್ ಹಾರನ್ನನ್ನು ಅಮುಕಿಸಿದರು. ಚಿಕ್ಕಣ್ಣ ಕೈ ಎತ್ತಿದರು.

"ಏನಾದ್ರೂ ರಿಯಾಯಿತಿ ಇರತ್ತಾ ಡಾಕ್ಟ್ರೇ, ಇಂಥವ್ರಿಗೆ?" ಎಂದು ನಾನು ಕೇಳಿದೆ.

"ನೋಡಮ್ಮ, ಸ್ವಂತ ಕಾರು ಓಡಿಸೋನು ನಂಗೇನೂ ತೊಂದ್ರೆ ಇಲ್ಲ ಅಂತ ತಾನೇ ಬರ್ಕೊಟ್ರೆ ನಡೆಯತ್ತೆ. ಲಾರಿಯವನಿಗೆ ಡಾಕ್ಟ್ರ ಸೈನ್ ಬೇಕು. ಕಣ್ಣಾದ್ರೆ ಕನ್ನಡಕ ಹಾಕಿಸ್ಕೊಂಡು ಬಾ ಅನ್ನಬಹುದಿತ್ತು. ಕಿವಿಗೆ ಜೇಬಲ್ಲಿ ಇಟ್ಕೊಳ್ಳೋ ಮೆಷಿನ್ ಬರತ್ತೆ. ಅದನ್ನ ಹಾಕ್ಕೊಂಡು ಇಂಜಿನ್ ಪಕ್ಕ ಕೂತ್ರೆ ಇಂಜಿನ್ನೇ ಎರಡು ಪಟ್ಟು ಕೇಳ್ಸತ್ತೆ. ರಿಯಾಯಿತಿ ಅಂತ ಏನೂ ಇಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆದ್ರೆ ಪಿಸುಮಾತು ಕೇಳಿಸ್ಬೇಕು ಅಂತಾನೂ ರೂಲ್ಸಲ್ಲಿ ಇಲ್ಲ. ಸಾಮಾನ್ಯವಾದ ಹಾರನ್ನೂ ಕೇಳದಷ್ಟು ಕಿವುಡು ಇರಬಾರದು, ಅಷ್ಟೆ. ಯಾವ ಹಾರನ್ನು, ಎಷ್ಟು ದೂರದಿಂದ, ಅದನ್ನ ಯಾರೂ ಹೇಳಿಲ್ಲ."

ಅವರು ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಎಡಗಿವಿ ಇಲ್ಲ. ಬಲಗಿವಿಗೆ ಜೋರು ಮಾತೂ ಹಾರನ್ನೂ ಕೇಳಿಸುತ್ತದೆ. ಲಾರಿಯಲ್ಲಿಯೇ ಕೂತು ನೋಡಿ ತೀರ್ಮಾನಿಸುವುದು ಒಳ್ಳೆಯದು. ಹೊರಗೆ ಬಂದ ಮೇಲೆ ಜಯಮ್ಮ, "ಪಾಸಾ ಫೇಲಾ ಟೀಚರಮ್ಮ?" ಎಂದರು. ಎರಡೂ ಅಲ್ಲ ಎಂದು ಹೇಳಲು ನನಗೆ ಕಷ್ಟವಾಯಿತು.

ರಸ್ತೆ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರು ತೆಳ್ಳಗೆ ಎತ್ತರವಾಗಿದ್ದರು. ಕಚೇರಿಯ ಜೀಪಿನಿಂದ ಇಳಿದವರೇ ಮೊದಲು ಮಾಡಿದ ಕೆಲಸ ಕ್ಲೀನರನ್ನು ಕೆಳಗಿಳಿಸಿದ್ದು.

"ಬಾಡಿ ತಟ್ಟಿ ತಟ್ಟಿ ಓಡಿಸ್ತೀರ, ನಂಗೊತ್ತು. ಇವತ್ತು ಯಾರೂ ತಟ್ಟೋ ಹಾಗಿಲ್ಲ."

ಜಯಮ್ಮ ಮುಂದೆ ಬಂದರು. "ಸಾರ್, ನಾನು ಹಿಂದೆ ಹತ್ಕೋತೀನಿ. ತಟ್ಟಲ್ಲ."

"ನೀನ್ಯಾಕಮ್ಮ ಹತ್ತೋದು?"

"ಮದ್ವೆಯಾಗಿ ಇಷ್ಟು ವರ್ಷ ಆಯ್ತು, ಈ ಲಾರೀಲಿ ಒಂದ್ ದಪಾನೂ ಕೂತಿಲ್ಲ ಸಾರ್. ನಾಳೆ ನೀವು ಬೇಡ ಅಂದ್ಬುಟ್ರೆ ಇನ್ಯಾವತ್ತು ಕೂರ್ಲಿ?"

ಇನ್ಸ್‌ಪೆಕ್ಟರು ಹತ್ತು ಎಂದು ಕೈ ತೋರಿಸಿದರು. ನನ್ನ ಕಡೆ ತಿರುಗಿ, "ಟೀಚರ್ ಅಂದ್ರಲ್ಲ, ನೀವೂ ಜೊತೇಲಿರಿ. ಈಯಮ್ಮ ತಟ್ಟಿದ್ರೆ ನೀವೇ ಜವಾಬ್ದಾರಿ" ಎಂದರು. ಹಾಗಾಗಿ ನಾನು ಹತ್ತಿರಲೇಬೇಕು. ಇದು ನೆನಪಲ್ಲ, ಲೆಕ್ಕ.

ಖಾಲಿ ಲಾರಿ, ಬೆಳಗಿನ ಹೊತ್ತು. ಕ್ಯಾಬಿನ್ನಿನ ಹಿಂಬದಿಯಲ್ಲಿ ಒಂದು ಸಣ್ಣ ಕಿಟಕಿ. ಅದರ ಸರಳುಗಳ ನಡುವೆ ಇಬ್ಬರ ತಲೆಗಳು ಕಾಣುತ್ತಿದ್ದವು. ಬಲಕ್ಕೆ ಚಿಕ್ಕಣ್ಣ, ಎಡಕ್ಕೆ ಇನ್ಸ್‌ಪೆಕ್ಟರು. ಲಾರಿ ಹೊರಟ ಮೇಲೆ ನನಗೆ ಹೊಳೆಯಿತು, ಇನ್ಸ್‌ಪೆಕ್ಟರು ಕೂತಿರುವುದು ಸತ್ತ ಕಿವಿಯ ಕಡೆಗೆ. ಬೇರೆ ಕಡೆ ಕೂರುವುದಕ್ಕೆ ಜಾಗವಾದರೂ ಎಲ್ಲಿದೆ? ಜಯಮ್ಮನಿಗೆ ಹೇಳಲಿಲ್ಲ. ಅವರು ಎರಡೂ ಕೈಗಳಿಗೆ ಸೆರಗನ್ನು ಸುತ್ತಿ ಗಂಟು ಬಿಗಿದುಕೊಂಡು, ಸ್ಟೆಪ್ನಿಯ ಮೇಲೆ ಕೂತು, ಲಾರಿ ಕುಲುಕಿದಾಗೆಲ್ಲ ಮುಗುಳ್ನಗುತ್ತಿದ್ದರು.

"ಕೈ ಯಾಕೆ ಕಟ್ಕೊಂಡ್ರಿ ಜಯಕ್ಕ?"

"ಬಿಟ್ರೆ ತಟ್ಬುಡ್ತದೆ ಟೀಚರಮ್ಮ. ನನ್ ಮಾತು ಕೇಳಕಿಲ್ಲ ಇದು."

ಜಯನಗರ ದಾಟಿ ಜೆ.ಪಿ. ನಗರದ ಕಡೆ ಹೋದೆವು. ಆಗ ಅಲ್ಲಿ ರಸ್ತೆಗಳು ಮೊದಲು ಬಂದಿದ್ದವು, ಮನೆಗಳು ಇನ್ನೂ ಬರಬೇಕಿತ್ತು. ಹಿಂದಿನಿಂದ ನೀರಿನ ಟ್ಯಾಂಕರೊಂದು ಹಾರನ್ ಹಾಕುತ್ತಾ ಬಂತು. ನಾವಿಬ್ಬರೂ ತಿರುಗಿ ನೋಡಿದೆವು. ಲಾರಿ ಮೆಲ್ಲಗೆ ಎಡಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟಿತು. ಜಯಮ್ಮ ಕಟ್ಟಿದ ಕೈಗಳಿಂದಲೇ ನನ್ನ ಮೊಣಕೈಯನ್ನು ತಿವಿದರು. ಹಾರನ್ ಕೇಳಿಸಿತೋ, ಕನ್ನಡಿಯಲ್ಲಿ ಟ್ಯಾಂಕರು ಕಂಡಿತೋ, ಅದನ್ನು ಯೋಚಿಸುವ ಮನಸ್ಸು ಆಗ ನನಗಿರಲಿಲ್ಲ.

ಮುಂದೆ ಒಂದು ಕೂಡುರಸ್ತೆ. ಬದಿಯಲ್ಲಿ ಬಸ್‌ಸ್ಟಾಪು, ಒಂದು ಟೀ ಅಂಗಡಿ. ಇನ್ಸ್‌ಪೆಕ್ಟರು ಮುಖ ತಿರುಗಿಸದೆ, ಮುಂದಿನ ಗಾಜನ್ನೇ ನೋಡುತ್ತಾ, ಒಂದೇ ಒಂದು ಮಾತು ಹೇಳಿದರು.

"ರೈಟ್."

ಲಾರಿ ಬಲಕ್ಕೆ ತಿರುಗಲಿಲ್ಲ. ನೇರವಾಗಿ ಕೂಡುರಸ್ತೆಯನ್ನು ದಾಟಿ ಹೋಯಿತು.

ಇನ್ಸ್‌ಪೆಕ್ಟರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಧಪ್ಪೆಂದು ಒಂದು ಏಟು ಹಾಕಿದರು. ಒಂದು ತಟ್ಟು. ಲಾರಿ ತಕ್ಷಣ ನಿಂತಿತು.

"ನಾನಲ್ಲ ಸಾರ್ ತಟ್ಟಿದ್ದು!" ಎಂದು ಜಯಮ್ಮ ಹಿಂದಿನಿಂದ ಕೂಗಿದರು.

ಎಲ್ಲರೂ ಇಳಿದೆವು. ಇನ್ಸ್‌ಪೆಕ್ಟರ ಮುಖ ಗಂಟಿಕ್ಕಿಕೊಂಡಿತ್ತು. ಚಿಕ್ಕಣ್ಣ ಅವರ ಎದುರಿಗೆ, ಅವರ ತುಟಿಗಳನ್ನೇ ನೋಡುತ್ತಾ ನಿಂತರು.

"ಏನಯ್ಯ, ನಾನ್ ಏನಂದೆ?"

"ರೈಟ್ ಅಂದ್ರಿ ಸಾರ್. ಹೊಂಟೆ."

"ರೈಟ್ ಅಂದ್ರೆ ರೈಟಿಗೆ ತಿರುಗ್ಬೇಕು ತಾನೆ? ನೇರ ಹೋದ್ಯಲ್ಲ!"

"ರೈಟ್ ಅಂದ್ರೆ ಹೋಗು ಅಂತ ಅಲ್ವಾ ಸಾರ್? ತಿರುಗೋದಾದ್ರೆ ಬಲಕ್ಕೆ ಅಂತಾರೆ."

ಅಷ್ಟು ಹೊತ್ತಿಗೆ ಟೀ ಅಂಗಡಿಯಿಂದ ನಾಲ್ಕಾರು ಜನ ಬಂದು ಸುತ್ತ ನಿಂತಿದ್ದರು. ನಮ್ಮ ಊರಿನಲ್ಲಿ ರಸ್ತೆಯ ಮೇಲೆ ಇಬ್ಬರು ದನಿ ಏರಿಸಿದರೆ ನ್ಯಾಯ ಹೇಳುವವರಿಗೆ ಬರವಿಲ್ಲ.

"ಕರೆಕ್ಟಾಗೇ ಹೇಳ್ತಾವ್ನೆ ಸಾರ್" ಎಂದ ಒಬ್ಬ. "ರೈಟ್ ಅಂದ್ರೆ ಹೋಗು, ಹೋಲ್ಡಾನ್ ಅಂದ್ರೆ ನಿಲ್ಸು. ಮಕ್ಳಿಗೂ ಗೊತ್ತು."

"ನೀನ್ ಸುಮ್ನಿರಯ್ಯ. ಇದು ಪರೀಕ್ಷೆ. ಇವನಿಗೆ ಕಿವಿ ಕೇಳಿಸಲ್ಲ ಅಂತ ಕಂಪ್ಲೇಂಟ್ ಇದೆ."

"ಕೇಳಿಸ್ದೇನೇ ರೈಟ್ ಅಂದ್ರಿ ಅಂತ ಹೇಗ್ ಹೇಳ್ದ ಸಾರ್?"

ಆಗಲೇ ಸಿಟಿ ಬಸ್ಸೊಂದು ಬಂದು ಸ್ಟಾಪಿನಲ್ಲಿ ನಿಂತಿತು. ಇಬ್ಬರು ಇಳಿದರು, ಒಬ್ಬ ಮುದುಕಿ ಹತ್ತಿದಳು. ಕಂಡಕ್ಟರು ಬಾಗಿಲಲ್ಲಿ ನಿಂತು ತಗಡನ್ನು ಎರಡು ಸಲ ಬಡಿದು, "ರೈಟ್ ರೈಟ್!" ಎಂದು ಕೂಗಿದ. ನಾವೆಲ್ಲರೂ, ಇನ್ಸ್‌ಪೆಕ್ಟರೂ ಸೇರಿ, ಆ ಬಸ್ಸನ್ನೇ ನೋಡಿದೆವು. ಬಸ್ಸು ಬಲಕ್ಕೆ ತಿರುಗಲಿಲ್ಲ. ನೇರವಾಗಿ ಹೋಯಿತು.

ಆಮೇಲೆ ಜಯಮ್ಮ, ಕೈಗೆ ಸುತ್ತಿದ್ದ ಸೆರಗನ್ನು ಬಿಚ್ಚುತ್ತಾ, ನನಗೆ ಹೇಳುವಂತೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಪಾಪ, ಸಾರ್ ಯಾವಾಗ್ಲೂ ಜೀಪಲ್ಲೇ ಓಡಾಡ್ತಾರೆ ಅಂತ ಕಾಣತ್ತೆ."

ಮೊದಲು ನಕ್ಕದ್ದು ಇನ್ಸ್‌ಪೆಕ್ಟರೇ. ಸಣ್ಣಗೆ ಶುರುವಾಗಿ, ಕೊನೆಗೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚಿಕ್ಕಣ್ಣ ಮಾತ್ರ ನಗಲಿಲ್ಲ. ಯಾಕೆ ನಗುತ್ತಿದ್ದಾರೆ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಜಯಮ್ಮ ಅವರ ಹತ್ತಿರ ಹೋಗಿ ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿದ ಮೇಲೆಯೇ ಅವರ ಭುಜ ಇಳಿಯಿತು.

ಟೀ ಕುಡಿಯುತ್ತಾ ಇನ್ಸ್‌ಪೆಕ್ಟರು ಗಂಭೀರವಾದರು. "ನೋಡಯ್ಯ, ತಮಾಷೆ ಬೇರೆ. ಟ್ಯಾಂಕರಿಗೆ ಸೈಡು ಕೊಟ್ಟೆ, ನೋಡ್ದೆ. ಬ್ರೇಕು, ಗೇರು ಎಲ್ಲ ನಾಜೂಕಾಗಿದೆ. ಆದ್ರೆ ಎರಡೂ ಕಡೆ ದೊಡ್ಡ ಕನ್ನಡಿ ಹಾಕಿಸ್ಬೇಕು. ಕ್ಲೀನರ್ ಇಲ್ದೆ ಲಾರಿ ತೆಗೀಬಾರ್ದು. ಕತ್ತಲಾದ್ಮೇಲೆ ಬೇಡ. ಒಪ್ಪಿಗೇನಾ?"

ಇದನ್ನೆಲ್ಲ ಅವರು ಚಿಕ್ಕಣ್ಣನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಒಂದೊಂದೇ ಬೆರಳು ಮಡಚುತ್ತಾ ಹೇಳಿದರು. ಚಿಕ್ಕಣ್ಣ ಒಂದೊಂದು ಬೆರಳಿಗೂ ತಲೆಯಾಡಿಸಿದರು. ಹಾಗೆ ಷರತ್ತು ಹಾಕಿ ಲೈಸೆನ್ಸು ಕೊಡುವ ಅಧಿಕಾರ ಅವರಿಗೆ ಕಾನೂನಿನಲ್ಲಿತ್ತೋ, ಟೀ ಅಂಗಡಿಯ ಮುಂದೆ ಹುಟ್ಟಿತೋ ನಾನು ಕೇಳಲಿಲ್ಲ. ಲೈಸೆನ್ಸು ಸಿಕ್ಕಿತು.

ಎರಡು ಕನ್ನಡಿಗಳು ಬಂದವು. ಬಲಗಡೆಯದು ಮನೆಯ ಗೋಡೆಗೆ ನೇತು ಹಾಕುವ ಕನ್ನಡಿಯಷ್ಟು ದೊಡ್ಡದಿತ್ತು. ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಜಯಮ್ಮ ಅದರಲ್ಲೇ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದರು. ಸಂಜೆ ದೀಪ ಹಚ್ಚುವ ಮುಂಚೆ ಲಾರಿ ಬಂದು ನಿಲ್ಲುತ್ತಿತ್ತು. ಇನ್ನೂ ಕೆಲವು ವರ್ಷಗಳಾದ ಮೇಲೆ ಉತ್ತರಹಳ್ಳಿಯಲ್ಲಿ ನಾವು ಮನೆ ಕಟ್ಟಿಸಿದಾಗ ತಳಪಾಯದ ಕಲ್ಲನ್ನೂ ಜಲ್ಲಿಯನ್ನೂ ತಂದು ಸುರಿದವರು ಚಿಕ್ಕಣ್ಣನೇ. ಆ ಲಾರಿಯಿಂದ ಒಬ್ಬರಿಗೂ ಗೀರು ಬಿದ್ದದ್ದನ್ನು ನಾನು ಕೇಳಿಲ್ಲ. ನಾನು ಕೇಳಿಲ್ಲ ಎಂದಷ್ಟೇ ಹೇಳಬಲ್ಲೆ.

ಈಗ ಆ ದಿನ ನೆನಪಾದಾಗಲೆಲ್ಲ ಮನಸ್ಸಿಗೆ ಹಿತವಾಗುತ್ತದೆ. ಆದರೆ ಈ ಕತೆಯನ್ನು ಎಷ್ಟೋ ಸಲ ಹೇಳಿ, ಜನರನ್ನು ನಗಿಸಿ, ಅದರ ಮೂಲೆಗಳನ್ನೆಲ್ಲ ನುಣ್ಣಗೆ ಮಾಡಿಬಿಟ್ಟಿದ್ದೇನೆ. ಇನ್ಸ್‌ಪೆಕ್ಟರು ಇಳಿದು ಕೇಳಿದ ಮೊದಲ ಮಾತು "ನಾನ್ ಏನಂದೆ?" ಎಂದು ಮೇಲೆ ಬರೆದೆ. ಸದಾ ಹಾಗೆಯೇ ಹೇಳುತ್ತಾ ಬಂದಿದ್ದೇನೆ. ಒಬ್ಬಳೇ ಕೂತು ಯೋಚಿಸಿದಾಗ ಮಾತ್ರ ಅದೇ ಜಾಗದಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ: "ರೈಟ್ ಅಂದ್ನಲ್ಲಯ್ಯ, ಕೇಳಿಸ್ಲಿಲ್ವಾ?" ಹಾಗಿದ್ದರೆ ಎಲ್ಲವೂ ಬೇರೆ. ಎದುರಿಗೆ ನಿಂತು ತುಟಿ ನೋಡುತ್ತಿದ್ದ ಚಿಕ್ಕಣ್ಣ ಆ ಮಾತನ್ನು ಆಗಷ್ಟೇ ತುಟಿಯಿಂದ ಎತ್ತಿಕೊಂಡು, "ರೈಟ್ ಅಂದ್ರಿ ಸಾರ್" ಎಂದಿರಬಹುದು. ಕೇಳಿಸಿದವನೂ ನೇರ ಹೋಗುತ್ತಿದ್ದ, ಏನೂ ಕೇಳಿಸದವನೂ ನೇರವೇ ಹೋಗುತ್ತಿದ್ದ. ಇನ್ನೂ ಒಂದು ಮಾತು. ಇಂಜಿನ್ನಿನ ಸದ್ದಿನಲ್ಲಿ, ಹಿಂದೆ ನಿಂತ ನನಗೇ ಆ "ರೈಟ್" ಕೇಳಿಸಿತ್ತೇ? ಅಥವಾ ಕೆಳಗಿಳಿದ ಮೇಲೆ ಕೇಳಿದ್ದನ್ನು ಹಿಂದಕ್ಕೆ ಒಯ್ದು ಕ್ಯಾಬಿನ್ನಿನೊಳಗೆ ಇಟ್ಟೆನೇ? ನನ್ನ ಎರಡು ಕಿವಿಗಳೂ ಸರಿಯಾಗಿವೆ. ಆದರೂ ಸಾಕ್ಷಿ ಹೇಳಲಾರೆ.

ಚಿಕ್ಕಣ್ಣನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಉತ್ತರಹಳ್ಳಿಯಲ್ಲಿ ಜಲ್ಲಿ ಸುರಿಯಲು ಬಂದ ದಿನ ಜಯಮ್ಮನೂ ಜೊತೆಗೆ ಬಂದಿದ್ದರು. ಆ ಪರೀಕ್ಷೆಯ ಬಳಿಕ ಆಗಾಗ ಕ್ಯಾಬಿನ್ನಿನಲ್ಲಿ ಕೂತು ಓಡಾಡುವುದು ಅವರಿಗೆ ಅಭ್ಯಾಸವಾಗಿತ್ತು. ಕಾಫಿ ಕೊಡುತ್ತಾ ಮೆಲ್ಲಗೆ ಕೇಳಿದೆ.

"ಜಯಕ್ಕ, ಅವತ್ತು ಅವರಿಗೆ ನಿಜವಾಗ್ಲೂ ಕೇಳಿಸಿತ್ತಾ?"

ಅವರು ಕಾಫಿ ಆರಿಸುತ್ತಾ ಗಂಡನ ಕಡೆ ನೋಡಿದರು. ಚಿಕ್ಕಣ್ಣ ಲಾರಿಯ ಹಿಂದಿನ ಹಲಗೆ ಬಿಚ್ಚುತ್ತಿದ್ದರು.

"ನಾನೂ ಅವ್ರನ್ನ ಕೇಳಿಲ್ಲ ಟೀಚರಮ್ಮ. ಇಲ್ಲ ಅಂದ್ಬುಟ್ರೆ, ಆಮೇಲೆ ದಿನಾ ಬೆಳಿಗ್ಗೆ ಅವ್ರನ್ನ ಕಳ್ಸೋದು ಹೆಂಗೆ?"

ಮತ್ತೆ ನಾನು ಆ ಮಾತು ಎತ್ತಲಿಲ್ಲ. ಚಿಕ್ಕಣ್ಣನಿಗೆ ಅವತ್ತು ಕೇಳಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ.